ರಿವರ್ಸ್ ಬೀಳದಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕ್ಲಚ್ ನೋಡಿ

ಪ್ರಶ್ನೆ: ನಮ್ಮದು 2014ರ ಪುಟ್ಟ ಪೆಟ್ರೋಲ್ ಕಾರು. ಐದು ಗೇರು, ಕೇಬಲ್ ಕ್ಲಚ್, 82,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ರಿವರ್ಸ್ ಸರಿಯಾಗಿ ಬೀಳುತ್ತಿಲ್ಲ. ಬೆಳಿಗ್ಗೆ ಅಂಗಳದಿಂದ ಹಿಂದಕ್ಕೆ ತೆಗೆಯುವಾಗ ಕರಕರ ಸದ್ದು ಮಾಡುತ್ತದೆ, ಕೆಲವೊಮ್ಮೆ ಲಿವರ್ ಒಳಗೇ ಹೋಗುವುದಿಲ್ಲ. ಎಂಜಿನ್ ಆಫ್ ಮಾಡಿ ಹಾಕಿದರೆ ಬೀಳುತ್ತದೆ. ಒಮ್ಮೆ ಬಿದ್ದ ಮೇಲೆ ಗಾಡಿ ಚೆನ್ನಾಗಿಯೇ ಹಿಂದಕ್ಕೆ ಬರುತ್ತದೆ. ವಿಚಿತ್ರವೆಂದರೆ, ನನ್ನ ಹೆಂಡತಿ ಓಡಿಸುವಾಗ ಈ ತೊಂದರೆ ಅಷ್ಟಾಗಿ ಇಲ್ಲ. ಅವಳು ಸೀಟು ಮುಂದಕ್ಕೆ ಎಳೆದುಕೊಂಡು ಕೂರುತ್ತಾಳೆ, ಅದೊಂದೇ ವ್ಯತ್ಯಾಸ. ಇದಕ್ಕೂ ಮೊದಲು ದೇವಿಮನೆ ಘಟ್ಟ ಹತ್ತುವಾಗ ಎಂಜಿನ್ ಮೊರೆದರೂ ಗಾಡಿ ಎಳೆಯದೆ, ಸುಟ್ಟ ವಾಸನೆ ಬಂದಿತ್ತು. ಆಗ ಒಂದು ಗ್ಯಾರೇಜಿನಲ್ಲಿ ಕ್ಲಚ್ ಅಡ್ಜಸ್ಟ್ ಮಾಡಿಸಿದ್ದೆ. ಈಗ ಇನ್ನೊಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಿ ರಿವರ್ಸ್ ಗೇರ್ ಬದಲಿಸಬೇಕು, 18,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಬಿಚ್ಚಿಸಲೇ?
– ಶಿರಸಿಯ ಓದುಗರು

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ಕಾಯಿಲೆ ಎಲ್ಲಿದೆ ಎಂಬುದನ್ನು ನಿಮ್ಮ ಪತ್ರವೇ ಮುಕ್ಕಾಲು ಪಾಲು ಹೇಳಿಬಿಟ್ಟಿದೆ. ಎಂಜಿನ್ ಆಫ್ ಮಾಡಿದರೆ ರಿವರ್ಸ್ ಬೀಳುತ್ತದೆ ಎಂಬುದು ಒಂದು ಸುಳಿವು. ನಿಮ್ಮ ಮನೆಯವರು ಹಾಕಿದರೆ ಸಲೀಸಾಗಿ ಬೀಳುತ್ತದೆ ಎಂಬುದು ಇನ್ನೊಂದು. ಘಟ್ಟದಲ್ಲಿ ಕ್ಲಚ್ ಜಾರಿದ ಮೇಲೆ ಅಡ್ಜಸ್ಟ್ ಮಾಡಿಸಿದಿರಿ, ಆಮೇಲೆ ಈ ತೊಂದರೆ ಶುರುವಾಯಿತು ಎಂಬುದು ಮೂರನೆಯದು. ಮೂರೂ ಕೈ ತೋರಿಸುತ್ತಿರುವುದು ಕ್ಲಚ್ಚಿನ ಕಡೆಗೆ, ಗೇರ್‌ಬಾಕ್ಸಿನ ಕಡೆಗಲ್ಲ.

ಮೊದಲು ರಿವರ್ಸ್ ಗೇರ್ ಉಳಿದ ಗೇರುಗಳಂತೆ ಅಲ್ಲ ಎಂಬುದನ್ನು ತಿಳಿದುಕೊಳ್ಳಬೇಕು. ಒಂದರಿಂದ ಐದರವರೆಗಿನ ಗೇರುಗಳ ಹಲ್ಲುಗಳು ಓರೆಯಾಗಿ ಕಡಿದವು, ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನೀವು ಲಿವರ್ ಸರಿಸಿದಾಗ ಯಾವ ಜೋಡಿಯನ್ನು ಶಾಫ್ಟಿಗೆ ಬಿಗಿಯಬೇಕು ಎಂಬುದಷ್ಟೇ ಬದಲಾಗುತ್ತದೆ. ಬಿಗಿಯುವ ಮೊದಲು ಎರಡೂ ಕಡೆಯ ವೇಗವನ್ನು ಸಮ ಮಾಡುವುದಕ್ಕೆ ನಡುವೆ ಹಿತ್ತಾಳೆಯ ಒಂದು ಬಳೆ ಇರುತ್ತದೆ. ಅದೇ ಸಿಂಕ್ರೊ ರಿಂಗ್. ಉಜ್ಜಿಕೊಂಡು ವೇಗ ಹೊಂದಿಸಿ, ಆಮೇಲೆ ಒಳಗೆ ಬಿಡುತ್ತದೆ. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಈ ಏರ್ಪಾಡು ಬರುವವರೆಗೆ ಚಾಲಕರು ವೇಗವನ್ನು ಕಾಲಿನಿಂದ, ಕಿವಿಯಿಂದ ಹೊಂದಿಸಬೇಕಿತ್ತು. ನಮ್ಮ ಹಳೆಯ ಲಾರಿ ಚಾಲಕರು ಡಬಲ್ ಕ್ಲಚ್ ಹೊಡೆಯುತ್ತಿದ್ದದ್ದು, ಅಂದರೆ ಒಂದು ಗೇರ್ ಬದಲಿಸಲು ಎರಡು ಸಲ ಕ್ಲಚ್ ಒತ್ತುತ್ತಿದ್ದದ್ದು, ಇದೇ ಕಾರಣಕ್ಕೆ.

ಆದರೆ ನಿಮ್ಮ ಕಾರಿನಂಥ ಬಹುಪಾಲು ಐದು ಗೇರಿನ ಪುಟ್ಟ ಕಾರುಗಳಲ್ಲಿ ರಿವರ್ಸಿಗೆ ಈ ಬಳೆಯ ಸೌಕರ್ಯ ಇಲ್ಲ. ಅಲ್ಲಿ ಒಂದು ಚಿಕ್ಕ ಐಡ್ಲರ್ ಗೇರ್ ತನ್ನ ಸರಳಿನ ಮೇಲೆ ಜಾರಿ ಬಂದು, ಎಂಜಿನ್ ಕಡೆಯ ಶಾಫ್ಟಿನ ಹಲ್ಲಿಗೂ ಗಾಲಿ ಕಡೆಯ ಶಾಫ್ಟಿನ ಹಲ್ಲಿಗೂ ನಡುವೆ ನುಗ್ಗಿ ಕೂರಬೇಕು. ನಡುವೆ ಮೂರನೆಯ ಚಕ್ರ ಬಂದದ್ದರಿಂದಲೇ ತಿರುಗುವ ದಿಕ್ಕು ಉಲ್ಟಾ ಆಗುತ್ತದೆ. ಜಾರಿ ಬಂದು ಕಚ್ಚಬೇಕಾದ್ದರಿಂದ ಇವುಗಳ ಹಲ್ಲು ನೇರ. ರಿವರ್ಸ್‌ನಲ್ಲಿ ಗಾಡಿ ಊಂ ಎಂದು ಗುಂಯ್ಗುಡುವುದು ಈ ನೇರ ಹಲ್ಲುಗಳ ಸ್ವಭಾವ, ಅದು ಕೆಟ್ಟಿರುವುದರ ಗುರುತಲ್ಲ. ನಿಂತ ಗಾಡಿಯಲ್ಲಿ ಮಾತ್ರ ಬಳಸುವ ಗೇರಾದ್ದರಿಂದ ಇದಕ್ಕೆ ಸಿಂಕ್ರೊ ಬೇಡ ಎಂದು ತಯಾರಕರು ಬಿಟ್ಟಿರುತ್ತಾರೆ. ಕೆಲವು ಹೊಸ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸಿಗೂ ಸಿಂಕ್ರೊ ಇದೆ, ಅಂಥವು ಮೆತ್ತಗೆ ಬೀಳುತ್ತವೆ.

ಹೀಗಾಗಿ ರಿವರ್ಸ್ ಬೀಳಬೇಕಾದರೆ ಎರಡೂ ಕಡೆಯ ಹಲ್ಲು ನಿಂತಿರಬೇಕು. ಗಾಲಿ ನಿಂತಿದ್ದರೆ ಒಂದು ಕಡೆ ನಿಂತಂತೆ. ಇನ್ನೊಂದು ಕಡೆ, ಅಂದರೆ ಎಂಜಿನ್ ಕಡೆಯ ಶಾಫ್ಟು, ಕ್ಲಚ್ ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಸ್ವಿಚ್ ಆರಿಸಿದ ಮೇಲೂ ಫ್ಯಾನ್ ತಿರುಗುವ ಹಾಗೆ ಕ್ಲಚ್ ಪ್ಲೇಟಿನ ಜೊತೆ ಅದೂ ಒಂದೆರಡು ಸೆಕೆಂಡು ತಿರುಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಲಿವರ್ ತಳ್ಳಿದರೆ ತಿರುಗುವ ಹಲ್ಲಿಗೆ ನಿಂತ ಹಲ್ಲು ತಾಕುತ್ತದೆ. ನಿಮಗೆ ಕೇಳುವ ಕರಕರ ಅದೇ. ಕ್ಲಚ್ ಪೂರ್ತಿ ಬಿಡದೇ ಇದ್ದರೆ, ಅಂದರೆ ಪೆಡಲ್ ಒತ್ತಿದರೂ ಎಂಜಿನ್‌ನಿಂದ ಶಾಫ್ಟನ್ನು ಪೂರ್ತಿ ಬೇರ್ಪಡಿಸದೇ ಇದ್ದರೆ, ಆ ಶಾಫ್ಟು ಎಷ್ಟು ಹೊತ್ತು ಕಾದರೂ ನಿಲ್ಲುವುದೇ ಇಲ್ಲ. ಎಂಜಿನ್ ಆಫ್ ಮಾಡಿದರೆ ಎಲ್ಲವೂ ನಿಲ್ಲುತ್ತದೆ, ರಿವರ್ಸ್ ಸುಮ್ಮನೆ ಬೀಳುತ್ತದೆ. ನಿಮ್ಮ ಲಿವರ್, ಅದರ ಲಿಂಕೇಜ್, ಗೇರನ್ನು ಸರಿಸುವ ಒಳಗಿನ ಫೋರ್ಕ್, ಐಡ್ಲರ್ ಜಾರುವ ದಾರಿ ಎಲ್ಲ ಸರಿ ಇವೆ ಎಂದು ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ. ಅವುಗಳಲ್ಲಿ ತೊಡಕಿದ್ದರೆ ಎಂಜಿನ್ ಆಫ್ ಇದ್ದಾಗಲೂ ಬೀಳುತ್ತಿರಲಿಲ್ಲ.

ಇನ್ನು ನಿಮ್ಮ ಮನೆಯವರ ವಿಷಯ. ನೀವು ಅದನ್ನು ವಿಚಿತ್ರ ಎಂದು ಬರೆದಿದ್ದೀರಿ, ನನಗೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳ ಮಾತು. ಸೀಟು ಮುಂದಕ್ಕೆ ಎಳೆದು ಕೂತವರ ಕಾಲು ಪೆಡಲನ್ನು ನೆಲದವರೆಗೆ ಒತ್ತುತ್ತದೆ. ಹಿಂದಕ್ಕೆ ಒರಗಿ ಕೂತವರ ಕಾಲು ಕೊನೆಯ ಒಂದೆರಡು ಇಂಚು ಬಾಕಿ ಇರುವಾಗಲೇ ಚಾಚಿ ಮುಗಿದಿರುತ್ತದೆ. ಕ್ಲಚ್ ಆರೋಗ್ಯವಾಗಿದ್ದರೆ ಆ ಒಂದೆರಡು ಇಂಚಿನಿಂದ ಏನೂ ಆಗುವುದಿಲ್ಲ. ನಿಮ್ಮ ಕಾರಿನಲ್ಲಿ ಆಗುತ್ತಿದೆ ಎಂದರೆ ಕ್ಲಚ್ ಕಟ್ ಆಗುವುದು ಪೆಡಲಿನ ತೀರಾ ಕೊನೆಯಲ್ಲಿ ಎಂದಾಯಿತು. ಅವರು ಕ್ಲಚ್ ಒತ್ತಿ, ಎರಡೂ ಕನ್ನಡಿ ನೋಡಿ, ಆಮೇಲೆ ಗೇರ್ ಹಾಕುವ ಅಭ್ಯಾಸದವರೂ ಇರಬಹುದು. ಹಾಗಿದ್ದರೆ ಆ ಮೂರು ಸೆಕೆಂಡಿನಲ್ಲಿ ಶಾಫ್ಟು ನಿಂತಿರುತ್ತದೆ. ನಾಳೆ ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ಗಮನಿಸಿ ನೋಡಿ.

ಸೀಟಿಗೂ ಮೊದಲು ಕಾಲ ಕೆಳಗಿನ ಮ್ಯಾಟ್ ನೋಡಿ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಇದೇ ದೂರಿನ ಒಂದು ಬಾಡಿಗೆ ಕಾರು ಬಂದಿತ್ತು. ಗೇರ್‌ಬಾಕ್ಸ್ ಇಳಿಸಿದೆವು, ಬಿಚ್ಚಿದೆವು, ಐಡ್ಲರ್ ತೆಗೆದು ಬೆಳಕಿಗೆ ಹಿಡಿದು ನೋಡಿದೆವು. ಎಲ್ಲ ಚೆನ್ನಾಗಿತ್ತು. ಮತ್ತೆ ಜೋಡಿಸಿ ಏರಿಸಿದೆವು, ದೂರು ಇದ್ದಲ್ಲೇ ಇತ್ತು. ಸಂಜೆ ನಮ್ಮ ಹಿರಿಯ ಮೇಸ್ತ್ರಿ ಬಂದು ಬಾಗಿಲು ತೆಗೆದು, ಪೆಡಲಿನ ಕೆಳಗೆ ಕೈ ಹಾಕಿ, ರಬ್ಬರ್ ಮ್ಯಾಟಿನ ಕೆಳಗಿದ್ದ ದಪ್ಪ ನಾರಿನ ಮ್ಯಾಟನ್ನು ಎಳೆದು ಹೊರಗೆ ಹಾಕಿದರು. ರಿವರ್ಸ್ ಬಿತ್ತು. ಆ ಚಾಲಕರಿಗೆ ಎರಡು ದಿನದ ಬಾಡಿಗೆ ನಷ್ಟವಾಗಿತ್ತು. ಅಂದಿನಿಂದ ಈ ದೂರು ಬಂದಾಗಲೆಲ್ಲ ನಾನು ಮೊದಲು ನೋಡುವುದು ಮ್ಯಾಟನ್ನೇ.

ಘಟ್ಟದ ಕಥೆಗೆ ಬರೋಣ. ಕೇಬಲ್ ಕ್ಲಚ್ಚಿನಲ್ಲಿ ಪೆಡಲಿಗೆ ಸ್ವಲ್ಪ ಪ್ಲೇ ಇರಲೇಬೇಕು. ಅಂದರೆ ಬೆರಳಿನಿಂದ ಒತ್ತಿದಾಗ ಭಾರ ಹತ್ತುವ ಮೊದಲು ಪೆಡಲ್ ಸುಮ್ಮನೆ ಒಂದೆರಡು ಸೆಂಟಿಮೀಟರ್ ಹೋಗಬೇಕು. ನಿಖರವಾದ ಅಳತೆ ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ನಂಬಿ. ಕ್ಲಚ್ ಪ್ಲೇಟ್ ಸವೆಯುತ್ತ ಹೋದಂತೆ ಈ ಪ್ಲೇ ಕಡಿಮೆಯಾಗುತ್ತದೆ. ಪೂರ್ತಿ ಮುಗಿದಾಗ ಕಾಲು ತೆಗೆದರೂ ರಿಲೀಸ್ ಬೇರಿಂಗ್ (ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ದಾಟಿಸುವ ಬೇರಿಂಗ್) ಪ್ರೆಶರ್ ಪ್ಲೇಟನ್ನು (ಕ್ಲಚ್ ಪ್ಲೇಟನ್ನು ಎಂಜಿನ್ ಕಡೆಗೆ ಅದುಮಿ ಹಿಡಿಯುವ ತಟ್ಟೆಯನ್ನು) ಒತ್ತಿಯೇ ಇರುತ್ತದೆ, ಹಿಡಿತ ಸಾಲದೆ ಕ್ಲಚ್ ಜಾರುತ್ತದೆ. ದೇವಿಮನೆಯಲ್ಲಿ ಎಂಜಿನ್ ಮೊರೆದು ಗಾಡಿ ಎಳೆಯದೆ ಇದ್ದದ್ದು, ಸುಟ್ಟ ವಾಸನೆ ಬಂದದ್ದು ಇದರ ಲಕ್ಷಣ. ಆಗ ಕೇಬಲ್ ಸಡಿಲಿಸಿ ಪ್ಲೇ ಕೊಡುವುದು ಸರಿಯಾದ ಕೆಲಸವೇ. ಆದರೆ ಜಾರುವುದು ನಿಲ್ಲಲಿ ಎಂದು ಬೇಕಾದ್ದಕ್ಕಿಂತ ಹೆಚ್ಚು ಸಡಿಲಿಸಿಬಿಟ್ಟರೆ ತೊಂದರೆ ಇನ್ನೊಂದು ತುದಿಯಲ್ಲಿ ಎದ್ದು ನಿಲ್ಲುತ್ತದೆ. ಪೆಡಲಿನ ಅರ್ಧ ದಾರಿ ಸಡಿಲ ಕೇಬಲನ್ನು ಎಳೆಯುವುದರಲ್ಲೇ ಕಳೆದು, ನೆಲ ಮುಟ್ಟುವಷ್ಟರಲ್ಲಿ ಕ್ಲಚ್ ಪೂರ್ತಿ ಬಿಟ್ಟಿರುವುದಿಲ್ಲ. ಮುಂದಿನ ಗೇರುಗಳಿಗೆ ಸಿಂಕ್ರೊ ಇರುವುದರಿಂದ ಅವು ಹೇಗೋ ಸಂಭಾಳಿಸುತ್ತವೆ. ರಿವರ್ಸಿಗೆ ಆ ರಕ್ಷಣೆ ಇಲ್ಲ, ಅದಕ್ಕೇ ಕ್ಲಚ್ಚಿನ ತಪ್ಪನ್ನು ಎಲ್ಲಕ್ಕಿಂತ ಮೊದಲು ಕೂಗಿ ಹೇಳುವುದು ಅದೇ.

ನನ್ನ ಈ ಅಂದಾಜನ್ನು ನೀವೇ ಅಂಗಳದಲ್ಲಿ ಪರೀಕ್ಷಿಸಬಹುದು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹಿಂದೆ ಮುಂದೆ ಯಾರೂ ಇರದಿರಲಿ, ಮಕ್ಕಳನ್ನು ಒಳಗೆ ಕಳುಹಿಸಿ.

ಎಂಜಿನ್ ಶುರು ಮಾಡಿ ನ್ಯೂಟ್ರಲ್‌ನಲ್ಲಿ ಬಿಸಿಯಾಗಲು ಬಿಡಿ. ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಮೆಲ್ಲಗೆ ರಿವರ್ಸಿಗೆ ತನ್ನಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಬಿಡುತ್ತಿದೆ, ಇಷ್ಟು ದಿನ ನೀವು ಅವಸರ ಮಾಡುತ್ತಿದ್ದಿರಿ ಎಂದರ್ಥ. ಹತ್ತು ಎಣಿಸಿದ ಮೇಲೂ ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ, ಅನುಮಾನವೇ ಬೇಡ. ಸದ್ದು ಬಂದ ಕೂಡಲೇ ಲಿವರ್ ಹಿಂದಕ್ಕೆ ತೆಗೆಯಿರಿ, ಬಲ ಹಾಕಿ ತುರುಕಬೇಡಿ.

ಎರಡನೆಯದು ಇನ್ನೂ ಸ್ಪಷ್ಟ. ಎಂಜಿನ್ ಆಫ್ ಇರುವಾಗ ರಿವರ್ಸಿಗೆ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು, ಬಲಗಾಲಿನಿಂದ ಬ್ರೇಕ್ ಒತ್ತಿ ಹಿಡಿದು, ಕ್ಲಚ್ ನೆಲಮಟ್ಟ ಒತ್ತಿ ಎಂಜಿನ್ ಶುರು ಮಾಡಿ. ಕ್ಲಚ್ ಸರಿ ಇದ್ದರೆ ಗಾಡಿಗೆ ಏನೂ ಗೊತ್ತಾಗಬಾರದು. ಹಿಂದಕ್ಕೆ ಜಗ್ಗಿದಂತೆ, ಎಂಜಿನ್ ಭಾರ ಹೊತ್ತಂತೆ ಅನಿಸಿದರೆ ಅದು ಕ್ಲಚ್ ಪೂರ್ತಿ ಬಿಡದೆ ಎಳೆಯುತ್ತಿರುವುದರ ಸಾಕ್ಷಿ.

ಮೂರನೆಯದಾಗಿ, ಮೊದಲ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಡುತ್ತ ಗಾಡಿ ಎಲ್ಲಿ ಅಲುಗುತ್ತದೆ ನೋಡಿ. ಪೆಡಲ್ ನೆಲದಿಂದ ಎರಡು ಬೆರಳು ಮೇಲೇಳುವಷ್ಟರಲ್ಲೇ ಹಿಡಿದರೆ ಕೇಬಲ್ ಸಡಿಲ. ತೀರಾ ಮೇಲೆ ಬಂದು ಹಿಡಿದರೆ ಪ್ಲೇಟ್ ಸವೆದಿದೆ. ನಿಮ್ಮದು ನೆಲದ ಹತ್ತಿರವೇ ಹಿಡಿಯುತ್ತದೆ ಎಂದು ನನ್ನ ಊಹೆ.

ಈಗ ಬಾನೆಟ್ ತೆಗೆಯಿರಿ. ಗೇರ್‌ಬಾಕ್ಸಿನ ಹೊರಗೆ ಒಂದು ಕಬ್ಬಿಣದ ತೋಳು ಇರುತ್ತದೆ, ಕ್ಲಚ್ ಕೇಬಲ್ ಬಂದು ಅದಕ್ಕೆ ಸೇರುತ್ತದೆ. ತುದಿಯಲ್ಲಿ ತಿರುಪಿನ ಸುತ್ತು ಇರುವ ಕಡ್ಡಿ, ಅದಕ್ಕೊಂದು ನಟ್. ಎಂಜಿನ್ ಆಫ್ ಇರುವಾಗ ಮನೆಯವರಿಗೆ ಪೆಡಲ್ ಒತ್ತಿ ಬಿಡಲು ಹೇಳಿ, ನೀವು ಆ ತೋಳನ್ನೇ ನೋಡುತ್ತಿರಿ. ಪೆಡಲ್ ಚಲಿಸಲು ಶುರುವಾದ ಎಷ್ಟು ಹೊತ್ತಿಗೆ ತೋಳು ಅಲುಗಿತು? ಅಲುಗುವಾಗ ಹಗುರವಾಗಿ ಹೋಯಿತೇ, ಅಥವಾ ತಡೆತಡೆದು ಜರ್ಕ್ ಕೊಟ್ಟು ಹೋಯಿತೇ? ಕೇಬಲಿನ ಹೊರಕವಚ ಬಾಗಿದ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಒಡೆದು ಒಳಗಿನ ಉಕ್ಕಿನ ಸುರುಳಿ ಕಾಣುತ್ತಿದೆಯೇ? ತುದಿಯಲ್ಲಿ ಉಕ್ಕಿನ ಎಳೆಗಳು ಒಂದೊಂದಾಗಿ ಹರಿದು ತೆಂಗಿನ ನಾರಿನ ಹಾಗೆ ಹೊರಗೆ ಚಾಚಿವೆಯೇ? ಒಂದೇ ಎಳೆ ಹರಿದಿದ್ದರೂ ನಟ್ ತಿರುಗಿಸುವ ಗೊಡವೆಗೆ ಹೋಗಬೇಡಿ, ಕೇಬಲ್ ಬದಲಿಸಿ. ಗೇರ್‌ಬಾಕ್ಸಿನ ಖರ್ಚಿನ ಮುಂದೆ ಕೇಬಲಿನ ಬೆಲೆ ಏನೂ ಅಲ್ಲ, ಅರ್ಧ ದಿನದ ಕೆಲಸವೂ ಅಲ್ಲ.

ಕೇಬಲ್ ಚೆನ್ನಾಗಿದ್ದರೆ ನಟ್ ತಿರುಗಿಸಿ ಪ್ಲೇಯನ್ನು ಕೈಪಿಡಿಯ ಅಳತೆಗೆ ತರಿಸಿ. ಒಂದು ಎಚ್ಚರಿಕೆ: ರಿವರ್ಸ್ ಚೆನ್ನಾಗಿ ಬೀಳಲಿ ಎಂದು ಪೂರ್ತಿ ಬಿಗಿಸಿದರೆ ಮತ್ತೆ ಘಟ್ಟದಲ್ಲಿ ಜಾರುತ್ತದೆ, ಈ ಬಾರಿ ಪ್ಲೇಟ್ ಸುಟ್ಟೇ ಹೋದೀತು. ಅಳತೆಗೆ ತಂದ ಮೇಲೆ ರಿವರ್ಸ್ ಸದ್ದಿಲ್ಲದೆ ಬೀಳಬೇಕು, ಏರಿನಲ್ಲಿ ಗಾಡಿ ಜಾರದೆ ಎಳೆಯಬೇಕು. ಎರಡೂ ಆದರೆ ನಿಮ್ಮ ಕೆಲಸ ಮುಗಿಯಿತು. ಸಡಿಲಿಸಿದರೆ ರಿವರ್ಸ್ ಬೀಳದು, ಬಿಗಿಸಿದರೆ ಏರಿನಲ್ಲಿ ಎಳೆಯದು, ಎರಡಕ್ಕೂ ಒಪ್ಪುವ ಜಾಗವೇ ಸಿಗದು ಎಂದಾದರೆ ಕ್ಲಚ್ ಸೆಟ್ ಬದಲಿಸುವ ಕಾಲ ಬಂದಿದೆ. ಘಟ್ಟದ ಊರಿನಲ್ಲಿ 82,000 ಕಿಲೋಮೀಟರ್ ಓಡಿದ ಪ್ಲೇಟಿಗೆ ಅದು ಅಕಾಲವೇನಲ್ಲ.

ಕ್ಲಚ್ ಸೆಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಇಲ್ಲಿ ನೀವು ಗಟ್ಟಿಯಾಗಿ ಮಾತಾಡಬೇಕು. ಇಳಿಸುವುದು ಬೇರೆ, ಬಿಚ್ಚುವುದು ಬೇರೆ. ಇಳಿಸುವುದೆಂದರೆ ಬೋಲ್ಟ್ ಕಳಚಿ ಇಡೀ ಪೆಟ್ಟಿಗೆಯನ್ನು ಎಂಜಿನ್‌ನಿಂದ ಬೇರೆ ಮಾಡುವುದು. ಬಿಚ್ಚುವುದೆಂದರೆ ಪೆಟ್ಟಿಗೆಯನ್ನೇ ಸೀಳಿ ಒಳಗಿನ ಶಾಫ್ಟು, ಗೇರುಗಳನ್ನು ಹೊರತೆಗೆಯುವುದು. ನಿಮಗೆ ಬೇಕಾದೀತು ಎಂದರೆ ಮೊದಲನೆಯದು ಮಾತ್ರ. ಇಳಿಸಿದಾಗ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಬೇರಿಂಗನ್ನು ತಳ್ಳುವ ಕ್ಲಚ್ ಫೋರ್ಕ್ ಬಿರುಕು ಬಿಟ್ಟಿದೆಯೇ, ಪ್ಲೇಟ್ ಕೂರುವ ಶಾಫ್ಟಿನ ಗೀರುಗಳಲ್ಲಿ ತುಕ್ಕು ಹಿಡಿದಿದೆಯೇ ನೋಡಲು ಹೇಳಿ. ಅಲ್ಲಿ ಪ್ಲೇಟ್ ಸಲೀಸಾಗಿ ಜಾರದಿದ್ದರೆ ಹೊಸ ಸೆಟ್ ಹಾಕಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಸ್ವಚ್ಛ ಮಾಡಿ ತೆಳುವಾಗಿ ಗ್ರೀಸ್ ಸವರಬೇಕು, ಮೆತ್ತಬಾರದು. ಹೆಚ್ಚಾದ ಗ್ರೀಸ್ ಸಿಡಿದು ಪ್ಲೇಟಿನ ಮೇಲೆ ಬೀಳುತ್ತದೆ.

ಹಾಗಾದರೆ ಎರಡನೆಯ ಗ್ಯಾರೇಜಿನವರು ಹೇಳಿದ್ದು ಪೂರ್ತಿ ಸುಳ್ಳೇ? ಹಾಗೆನ್ನಲಾರೆ. ವರ್ಷಗಟ್ಟಲೆ ಕರಕರ ಎನಿಸಿಕೊಂಡೇ ಓಡಿಸಿದ ಕಾರುಗಳಿಂದ ಹೊರತೆಗೆದ ಐಡ್ಲರ್ ಗೇರುಗಳನ್ನು ನಾನು ಅಂಗೈಯಲ್ಲಿಟ್ಟು ನೋಡಿದ್ದೇನೆ. ಹಲ್ಲಿನ ಒಂದು ಪಕ್ಕ ಹೊಸದರ ಹಾಗೆ ಚೂಪಾಗಿ ನಿಂತಿರುತ್ತದೆ. ಜಾರಿ ಕಚ್ಚುವ ಪಕ್ಕ ಮಾತ್ರ ಇಲಿ ಕಡಿದ ಕೊಬ್ಬರಿಯಂತೆ ತಗ್ಗು ತಗ್ಗಾಗಿ, ಅಂಚು ದುಂಡಾಗಿ, ಅಲ್ಲಲ್ಲಿ ಚಕ್ಕೆ ಎದ್ದಿರುತ್ತದೆ. ಅಂಥ ಗೇರು ಬಿದ್ದರೂ ನಿಲ್ಲುವುದಿಲ್ಲ. ಹಿಂದಕ್ಕೆ ಏರು ಹತ್ತಿಸುವಾಗ ಟಕ್ಕೆಂದು ಹಾರಿ ನ್ಯೂಟ್ರಲಿಗೆ ಬರುತ್ತದೆ, ಅಥವಾ ಚಲಿಸುವಾಗ ಒಂದೇ ಲಯದಲ್ಲಿ ಟಕ್ ಟಕ್ ಬಡಿಯುತ್ತದೆ. ನಿಮ್ಮ ಕಾರು ಬಿದ್ದ ಮೇಲೆ ಚೆನ್ನಾಗಿ ಹಿಂದಕ್ಕೆ ಬರುತ್ತಿದೆ, ಆದ್ದರಿಂದ ಹಲ್ಲುಗಳು ಇನ್ನೂ ಉಳಿದಿವೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಗೇರ್ ಆಯಿಲ್ ಇಳಿಸುವಾಗ ನೀವೂ ಅಲ್ಲೇ ನಿಂತಿರಿ. ಡ್ರೈನ್ ಬೋಲ್ಟಿಗೆ ಆಯಸ್ಕಾಂತ ಇದ್ದರೆ ಅದರ ತುದಿಯನ್ನು ಬೆರಳಿನಿಂದ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂಥ ಚೂರು, ಹಲ್ಲಿನ ತುಣುಕು ಸಿಕ್ಕರೆ ಬಿಚ್ಚಿಸುವ ಮಾತಿಗೆ ಅರ್ಥವಿದೆ. ತುಂಬಿಸುವ ಎಣ್ಣೆ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಿರಲಿ. ಜಿಎಲ್-4 ಬೇಕಾದ ಪೆಟ್ಟಿಗೆಗೆ ಜಿಎಲ್-5 ಸುರಿಯುವ ಅಭ್ಯಾಸ ಕೆಲವೆಡೆ ಇದೆ. ಅದರಲ್ಲಿನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಬೆಳಿಗ್ಗೆಯೇ ಏಕೆ ಹೆಚ್ಚು ಎಂಬುದಕ್ಕೆ ನಿಮ್ಮ ಊರಿನ ಹವೆಯಲ್ಲೂ ಕಾರಣವಿದೆ. ತಣ್ಣಗಿರುವ ಎಂಜಿನ್ ಶುರುವಾದಾಗ ಮಾಮೂಲಿ ಐಡ್ಲಿಂಗ್‌ಗಿಂತ ಜೋರಾಗಿ ತಿರುಗುತ್ತದೆ. ಬಿಸಿಯಾದ ಮೇಲೆ ನಿಮಿಷಕ್ಕೆ 800ರ ಆಸುಪಾಸಿಗೆ ಇಳಿಯುವ ಸುತ್ತು ಆಗ ಸಾವಿರ ದಾಟಿರುತ್ತದೆ. ಶಾಫ್ಟು ಅಷ್ಟು ವೇಗದಿಂದ ನಿಲ್ಲಬೇಕು, ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ನಿಂತ ಗಾಡಿಯಲ್ಲಿ ಫ್ಲೈವೀಲಿನ (ಎಂಜಿನ್ ಜೊತೆ ತಿರುಗುವ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಭಾರದ ಚಕ್ರ) ಮೇಲೆ ತೆಳುವಾಗಿ ತುಕ್ಕು ಹತ್ತಿ ಪ್ಲೇಟ್ ಸ್ವಲ್ಪ ಅಂಟಿಕೊಳ್ಳುವುದೂ ಉಂಟು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಕ್ಲಚ್ಚನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟರೆ ಅದು ಬಿಡುತ್ತದೆ. ಅಂಗಳ ಇಳಿಜಾರಿದ್ದರೆ ಇನ್ನೊಂದು ಮಾತು: ಹ್ಯಾಂಡ್‌ಬ್ರೇಕ್ ತೆಗೆದ ಕೂಡಲೇ ಗಾಡಿ ಕೂದಲೆಳೆಯಷ್ಟು ಮುಂದಕ್ಕೆ ಉರುಳಿದರೂ ಗಾಲಿ ಕಡೆಯ ಹಲ್ಲು ತಿರುಗಿದಂತೆಯೇ. ಬ್ರೇಕ್ ಒತ್ತಿ ಹಿಡಿದೇ ರಿವರ್ಸ್ ಹಾಕಿ.

ರಿಪೇರಿ ಆಗುವವರೆಗೆ ಹೀಗೆ ಮಾಡಿ. ಕ್ಲಚ್ ಒತ್ತಿ, ಮೊದಲ ಗೇರಿಗೆ ಹಾಕಿ, ಕ್ಲಚ್ ಬಿಡದೆ ಹಾಗೆಯೇ ರಿವರ್ಸಿಗೆ ತನ್ನಿ. ಮೊದಲ ಗೇರಿನ ಸಿಂಕ್ರೊ ತಿರುಗುವ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ, ನಿಂತ ಹಲ್ಲಿಗೆ ಐಡ್ಲರ್ ಸದ್ದಿಲ್ಲದೆ ಸೇರುತ್ತದೆ. ಕೆಲವೊಮ್ಮೆ ಸದ್ದೂ ಇಲ್ಲ, ಒಳಗೂ ಹೋಗುವುದಿಲ್ಲ, ಲಿವರ್ ಗೋಡೆಗೆ ತಾಕಿದಂತೆ ನಿಲ್ಲುತ್ತದೆ. ಅದು ಹಲ್ಲಿಗೆ ಹಲ್ಲು ನೇರಾನೇರ ಎದುರಾಗಿರುವುದು, ಕೆಟ್ಟಿರುವುದಲ್ಲ. ನ್ಯೂಟ್ರಲಿಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಹಲ್ಲು ಸ್ವಲ್ಪ ತಿರುಗಿ ದಾರಿ ಕೊಡುತ್ತದೆ.

ಬೇರೆ ಬಗೆಯ ಕಾರು ಇರುವ ಓದುಗರಿಗೆ ಎರಡು ಮಾತು. ಕ್ಲಚ್ ಹೈಡ್ರಾಲಿಕ್ ಆಗಿದ್ದರೆ, ಅಂದರೆ ದ್ರವದ ಒತ್ತಡದಿಂದ ನಡೆಯುವಂಥದ್ದಾದರೆ, ಕೇಬಲ್ ಬದಲು ಅದರ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ, ಪೆಡಲ್ ಸ್ಪಂಜಿನಂತಿದ್ದರೆ, ನಾಲ್ಕು ಬಾರಿ ಪಂಪ್ ಮಾಡಿದ ಮೇಲೆ ರಿವರ್ಸ್ ಬೀಳುತ್ತಿದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಸಿಲಿಂಡರಿನ ಸೀಲ್ ಹೋಗಿದೆ. ಎಂಜಿನ್ ಆಫ್ ಮಾಡಿದರೂ ಬೀಳದಿದ್ದರೆ ಮಾತ್ರ ಲಿವರಿನ ಕಡೆ ಹುಡುಕಬೇಕು: ಸವೆದ ಬುಷ್, ಕಳಚಿದ ಗೇರ್ ಕೇಬಲ್, ರಿವರ್ಸ್ ಹಾಕಲು ಲಿವರಿನ ಹಿಡಿಯ ಕೆಳಗೆ ಎತ್ತಿ ಹಿಡಿಯಬೇಕಾದ ಬಳೆ ಸಿಕ್ಕಿಕೊಂಡಿರುವುದು, ಇಂಥವು. ಐದನೇ ಗೇರಿನ ಕೆಳಗೆ ರಿವರ್ಸ್ ಇರುವ ಕಾರುಗಳಲ್ಲಿ ಐದರಿಂದ ನೇರ ರಿವರ್ಸಿಗೆ ಹೋಗದಂತೆ ಒಳಗೆ ತಡೆ ಇರುತ್ತದೆ. ಲಿವರನ್ನು ಒಮ್ಮೆ ನ್ಯೂಟ್ರಲ್‌ನ ನಡುವಿಗೆ ಬಿಟ್ಟು ಮತ್ತೆ ಬಲಕ್ಕೆ ತಂದು ಹಾಕಬೇಕು.

ನೀವು ಮಾತ್ರ ಈ ವಾರ ಮ್ಯಾಟ್, ಸೀಟು, ಕೇಬಲ್ ಇದೇ ಕ್ರಮದಲ್ಲಿ ನೋಡಿ. ಪ್ಲೇ ಎಷ್ಟಿತ್ತು, ಕ್ಲಚ್ ನೆಲದಿಂದ ಎಷ್ಟು ಎತ್ತರದಲ್ಲಿ ಹಿಡಿಯಿತು, ಹತ್ತು ಎಣಿಸಿದ ಮೇಲೆ ಸದ್ದು ಬಂತೇ ಎಂಬ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಿ. ಕೇಬಲ್ ಅಳತೆಗೆ ಬಂದ ಮೇಲೂ ತೊಂದರೆ ಉಳಿದರೆ ಅದೇ ಚೀಟಿಯ ವಿವರವನ್ನು ನನಗೂ ಕಳುಹಿಸಿ.